ಪರದೆ ಮ್ಯಾಲ ಕನ್ನಡ ಯಾಕ ಒಡೀತದ? ಒಂದು ದಿನದ ರಿಪೇರಿ, ಇನ್ನೂರು ವರ್ಷದ ಕಥಿ

ಫೋನಿನಾಗ, ಕಂಪ್ಯೂಟರಿನಾಗ ಕನ್ನಡ ಒಡದು ಕಾಣೋದು ನಾಕು ನಮೂನಿ. ಒಂದನೇದು, ಅಕ್ಷರ ಇರೋ ಜಾಗಾದಾಗ ಬರೇ ಖಾಲಿ ಡಬ್ಬಿ. ಎರಡನೇದು, ಒತ್ತು ತೆಳಗ ಕೂಡದೆ ಬಾಜೂಕ ಬಿದ್ದಿರ್ತದ, ಇಲ್ಲಾಂದ್ರ ಕೊಂಬು-ದೀರ್ಘದ ಜೋಡಿ ಚುಕ್ಕಿ ಚುಕ್ಕಿ ಗಾಲಿಯೊಂದು ಕುಂತಿರ್ತದ. ಮೂರನೇದು, ಕನ್ನಡದ ಬದ್ಲಿ ಇಂಗ್ಲಿಷಿನಂಗ ಕಾಣೋ ಗಿಜಿಬಿಜಿ. ನಾಕನೇದು, ಅಕ್ಷರ ಎಲ್ಲಾ ಬರೋಬ್ಬರಿ ಅವ, ಆದ್ರ ಒತ್ತಿನ ಕಾಲು ಕತ್ತರಿ ಹಚ್ಚಿದಂಗ ಕಡದು ಹೋಗಿರ್ತದ.

ನಮ್ಮತ್ತಿಯವರ ಬೀಸೋ ಪದಗಳನ್ನ ಪುಟ ಮಾಡಿ ಹಾಕಿದಾಗ ಈ ನಾಕೂ ತಕರಾರು ಒಂದೇ ದಿನ ಬಂದ್ವು. ಶಹಾಬಾದಿನ ಅಕ್ಕನ ಹಳೇ ಫೋನಿನಾಗ ಡಬ್ಬಿ. ಚಿಂಚೋಳಿ ಚಿಗವ್ವನ ಕಡಿ ಚುಕ್ಕಿ ಗಾಲಿ. ಸೇಡಂ ವೈನಿ ಕಂಪ್ಯೂಟರಿನಾಗ ಗಿಜಿಬಿಜಿ. ಬಾಜೂ ಮನಿ ಆಯಿ ಕಣ್ಣಿಗಿ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದ್ರ ಎಲ್ಲಾ ಒತ್ತಿನ ಕಾಲೂ ಮಾಯ. ಮುಂಜಾನಿ ಚಹಾ ಆದ ಮ್ಯಾಲ ಕುಂತಾಕಿ ದೀಪ ಹಚ್ಚೋ ಹೊತ್ತಿಗಿ ಎದ್ದೆ. ರಿಪೇರಿ ಅಂದ್ರ ಎಂಟು ಹತ್ತು ಸಾಲಿನ ಕೆಲಸ. ಆದ್ರ ಆ ಒಂದೊಂದು ರೋಗಕ್ಕ ಒಂದೊಂದು ಇತಿಹಾಸ ಅದ. ಅದನ್ನ ತಿಳ್ಕೊಂಡ್ರ ಮುಂದ ನಿಮ್ಮ ನಿಮ್ಮ ಮನಿ ಹಳೇ ಬರಹ ಉಳಿಸ್ಕೊಳ್ಳಾಕ ಅನುಕೂಲ ಆಗ್ತದ. ಅದಕ್ಕೇ ಇದನ್ನ ಬರದೀನಿ.

ಕಲ್ಲಿನಾಗ ಒಡೀಲಿಲ್ಲ

ನಮ್ಮ ರಾವೂರ ಕಲ್ಲಿನ ಊರು. ಸುತ್ತಮುತ್ತ ಪರಸಿ ಗಣಿ. ಇಲ್ಲಿ ಕಲ್ಲಿನ ಮ್ಯಾಲ ಅಕ್ಷರ ಕೆತ್ತೋದು ಹೊಸದೇನಲ್ಲ. 1986ರಾಗ ಭೀಮಾ ನದಿ ದಂಡಿ ಸನ್ನತಿಯಾಗ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಮಾಳಿಗಿ ಬಿದ್ದಾಗ, ದೇವಿಯ ಪೀಠ ಆಗಿದ್ದ ಕಲ್ಲಿನಾಗ ಅಶೋಕನ ಶಾಸನ ಸಿಕ್ಕಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಬ್ರಾಹ್ಮಿ ಲಿಪಿಯೇ ಬದಲಾಗ್ತಾ ಬದಲಾಗ್ತಾ ನಮ್ಮ ಕನ್ನಡ ಲಿಪಿ ಆಗ್ಯಾದ. ಒಂದು ವ್ಯಂಜನದ ತೆಳಗ ಇನ್ನೊಂದು ವ್ಯಂಜನ ಕೂಡ್ಸಿ ಬರಿಯೋ ರೂಢಿ ಬ್ರಾಹ್ಮಿಯಿಂದನೇ ಬಂದದ್ದು. ಅಂದ್ರ ನಮ್ಮ ಒತ್ತಕ್ಷರದ ವಯಸ್ಸು ಎರಡು ಸಾವಿರ ವರ್ಷದ ಮ್ಯಾಲ.

ಚಿತ್ತಾಪುರದ ಹತ್ರ ನಾಗಾವಿ ಅದ ಅಲ್ಲ, ಎಲ್ಲಮ್ಮನ ಜಾತ್ರಿಗಿ ಹೋಗ್ತೀವಿ, ಅಲ್ಲಿ 11ನೇ ಶತಮಾನದಾಗ ದೊಡ್ಡ ಘಟಿಕಾಸ್ಥಾನ ಇತ್ತು. ಅಲ್ಲಿಯ 1058ರ ಶಾಸನದಾಗ ಓದೋ ಹುಡುಗರ ಜೋಡಿ ಪುಸ್ತಕ ಭಂಡಾರ ನೋಡ್ಕೊಳ್ಳೋ ಸರಸ್ವತಿ ಭಂಡಾರಿಗಳ ಲೆಕ್ಕಾನೂ ಅದ. ಸೇಡಂ ಕಡಿ ಕಾಗಿಣಾ ದಂಡಿಗಿ ಮಳಖೇಡ. ಕನ್ನಡದಾಗ ನಮಗ ಸಿಕ್ಕಿರೋ ಮೊದಲನೇ ಗ್ರಂಥ ಕವಿರಾಜಮಾರ್ಗ ಅಲ್ಲಿಯ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಅಷ್ಟೂ ಕಾಲ ಅಕ್ಷರ ಒಡೀಲಿಲ್ಲ. ಯಾಕಂದ್ರ ಕಲ್ಲಿಗಿ ಚಾಣ, ತಾಡೋಲಿಗಿ ಕಂಟ, ಎರಡೂ ಮನಷ್ಯಾನ ಕೈಯಾಗ ಇದ್ವು. ಕೈಗಿ ಗೊತ್ತಿತ್ತು ಯಾವ ಅಕ್ಷರದ ತೆಳಗ ಎಷ್ಟು ಜಾಗ ಬಿಡಬೇಕು ಅಂತ. ತೊಂದ್ರಿ ಶುರು ಆಗಿದ್ದು ಅಕ್ಷರ ಕೈ ಬಿಟ್ಟು ಯಂತ್ರಕ್ಕ ಹೋದಾಗ.

ಸೀಸದ ಮೊಳಿ, ಕಲ್ಲಚ್ಚು

ಕನ್ನಡ ಅಚ್ಚಾದ ಮೊದಲನೇ ಪುಸ್ತಕ ಅಂತ ಹೇಳೋದು ವಿಲಿಯಂ ಕೇರಿಯವರ ಕನ್ನಡ ವ್ಯಾಕರಣಕ್ಕ. 1817ರಾಗ ಬಂಗಾಳದ ಸೇರಾಂಪುರದಾಗ ಅದು ಅಚ್ಚಾಯ್ತು. ಕನ್ನಡ ಅಕ್ಷರ ನಮ್ಮ ನೆಲ ಬಿಟ್ಟು ಅಷ್ಟು ದೂರ ಹೋಗಿ ಸೀಸದ ಮೊಳಿ ಆಗಬೇಕಾಯ್ತು. ಇಂಗ್ಲಿಷಿಗಿ 26 ಅಕ್ಷರ, ದೊಡ್ಡವು ಸಣ್ಣವು ಕೂಡಿಸಿದ್ರ 52. ನಮಗ ಹಂಗಲ್ಲ. 34 ವ್ಯಂಜನಕ್ಕ 13 ಸ್ವರ ಕೂಡಿಸಿದ್ರ ಕಾಗುಣಿತಾನೇ 442. ಒಂದು ವ್ಯಂಜನಕ್ಕ ಇನ್ನೊಂದು ಒತ್ತು ಕೊಟ್ರ 34 ಗುಣಿಸು 34, ಅಂದ್ರ 1,156. ಅದಕ್ಕ ಮತ್ತ 13 ಸ್ವರ ಹಚ್ಚಿದ್ರ 15,028. ಎಲ್ಲಾ ನಾವು ಬಳಸಂಗಿಲ್ಲ ಖರೇ, ಆದ್ರ ಅಷ್ಟಕ್ಕೂ ಮೊಳಿ ಎರಕ ಹೊಯ್ಯೋದು ಯಾರಿಂದನೂ ಆಗದ ಮಾತು. ಅದಕ್ಕೇ ಅಕ್ಷರವನ್ನ ತುಂಡು ಮಾಡಿದ್ರು. ತಲಿಕಟ್ಟು ಬ್ಯಾರೆ, ಕೊಂಬು ಬ್ಯಾರೆ, ಒತ್ತು ಬ್ಯಾರೆ. ಮೊಳಿ ಜೋಡಿಸೋ ಮನಷ್ಯಾ ಕೌದಿಗಿ ತ್ಯಾಪಿ ಹಚ್ಚಿದಂಗ ಒಂದೊಂದೇ ತುಂಡು ಕೂಡಿಸ್ತಿದ್ದ.

ಇದಕ್ಕ ಬ್ಯಾರೆ ಒಂದು ದಾರಿನೂ ಇತ್ತು, ಕಲ್ಲಚ್ಚು. 1843ರ ಜುಲೈ 1ಕ್ಕ ಮಂಗಳೂರಿನಾಗ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರ ಶುರು ಮಾಡಿದ್ರು. ಕನ್ನಡದ ಮೊದಲ ಪತ್ರಿಕಿ ಅದು. ಜುಲೈ 1ಕ್ಕ ಪತ್ರಿಕಾ ದಿನ ಮಾಡ್ತಾರಲ್ಲ, ಇದರ ನೆನಪಿಗೇ. ಅದು ಮೊಳಿಯಿಂದ ಅಲ್ಲ, ಕಲ್ಲಿನಿಂದ ಅಚ್ಚಾಯ್ತು. ನುಣ್ಣಗ ತಿಕ್ಕಿದ ಸುಣ್ಣದ ಕಲ್ಲಿನ ಮ್ಯಾಲ ಜಿಡ್ಡಿನ ಶಾಯಿಲೇ ಬರದು, ನೀರು ಸವರಿ, ಮಸಿ ಹಚ್ಚಿದ್ರ, ಮಸಿ ಜಿಡ್ಡು ಇದ್ದಲ್ಲಿ ಮಾತ್ರ ಹಿಡೀತದ. ನಮ್ಮ ಪರಸಿನೂ ಸುಣ್ಣದ ಕಲ್ಲೇ, ಆದ್ರ ಈ ಕೆಲಸಕ್ಕ ಹೆಸರಾದದ್ದು ಜರ್ಮನಿಯ ಜೋಲ್ನ್‌ಹೋಫನ್ ಊರಿನ ಭಾಳ ನುಣುಪಿನ ಕಲ್ಲು. ಕಲ್ಲಚ್ಚಿನಾಗ ಬರಿಯೋದು ಕೈಯಿಂದ, ಹಂಗಾಗಿ ಒತ್ತು, ಕೊಂಬು, ಅರ್ಕಾವತ್ತು ಯಾವುದೂ ಒಡೀತಿರಲಿಲ್ಲ. ಮುಂದ ಅದೇ ಬಾಸೆಲ್ ಮಿಷನ್ ಅಚ್ಚುಕೂಟ ಮೊಳಿ ಕೆಲಸದಾಗೂ ಪಳಗಿ, 1894ರಾಗ ಕಿಟೆಲ್ ಅವರ ದೊಡ್ಡ ನಿಘಂಟು ಹೊರಗ ಹಾಕ್ತು.

ನಮ್ಮ ಕಡಿ ಆಗ ನಿಜಾಮರ ರಾಜ್ಯ. ಕಚೇರಿ, ಸಾಲಿ ಎಲ್ಲಾ ಉರ್ದು. ನಮ್ಮ ಅಜ್ಜಂದಿರು ಹೊಲದ ಕಾಗದ ಉರ್ದುದಾಗ ಓದಿ, ಲೆಕ್ಕ ಉರ್ದುದಾಗ ಬರದು, ಮನ್ಯಾಗ ಮಾತ್ರ ಕನ್ನಡ ಮಾತಾಡಿದವರು. 1948ರ ಸೆಪ್ಟೆಂಬರದಾಗ ಹೈದರಾಬಾದ್ ಸಂಸ್ಥಾನ ಭಾರತಕ್ಕ ಸೇರಿತು, 1956ರ ನವೆಂಬರ್ 1ಕ್ಕ ನಾವು ಮೈಸೂರ ರಾಜ್ಯಕ್ಕ ಬಂದ್ವಿ. ಹಿಂಗಾಗಿ ನಮ್ಮ ಮನಿ ಹೆಣ್ಮಕ್ಕಳ ಹಾಡು, ಮಾತು ಕಾಗದಕ್ಕ ಇಳೀಲೇ ಇಲ್ಲ. ಇದನ್ನ ನೆನಪಿನಾಗ ಇಡ್ರಿ, ಮುಂದ ಬೇಕಾಗ್ತದ.

ನಡುವ ಟೈಪ್ ಮಷಿನ್ ಬಂತು. ಕನ್ನಡ ಟೈಪ್ ಮಷಿನ್ನಿನ ಕೀಲಿಮಣಿ ಜೋಡಿಸಿದ ಕೀರ್ತಿ ಕೆ. ಅನಂತಸುಬ್ಬರಾವ್ ಅವರಿಗಿ ಸಲ್ತದ. 40–50 ಕೀಲಿಯೊಳಗ ಇಡೀ ಕನ್ನಡ ತುರುಕೋದಂದ್ರ ಸಣ್ಣ ಡಬ್ಬ್ಯಾಗ ಇಡೀ ಮದುವಿ ಅಡಗಿ ತುಂಬಿದಂಗ. ಒತ್ತು ದಪ್ಪ, ದೀರ್ಘ ದೂರ, ಕೊಂಬು ಮ್ಯಾಲ ಹಾರಿರ್ತಿತ್ತು. ಹಳೇ ತಹಶೀಲ ಕಚೇರಿ ನೋಟೀಸ್ ನೋಡಿದವರಿಗಿ ಆ ಅಕ್ಷರದ ಮೋತಿ ನೆನಪಿರ್ತದ.

ಮಸಾಲಿ ಡಬ್ಬಿಯ 256 ಖಾನಿ

ಕಂಪ್ಯೂಟರ್ ಬಂದಾಗ ಎಲ್ಲಾ ಸರಿ ಹೋಗಬೇಕಿತ್ತು. ಹೋಗಲಿಲ್ಲ. ಆ ಕಾಲದ ಕಂಪ್ಯೂಟರಿನಾಗ ಒಂದು ಫಾಂಟಿಗಿ ಇದ್ದದ್ದು 256 ಖಾನಿ. ಅದರಾಗ ಮೊದಲಿನ 128 ಇಂಗ್ಲಿಷಿನವರು ತಮ್ಮ ಅಕ್ಷರ, ಅಂಕಿ, ಚುಕ್ಕಿಗಳಿಗಿ ಹಿಡದಿಟ್ಟಿದ್ರು. ಉಳಿದದ್ದು ಯೂರೋಪಿನ ಉಳಿದ ಮಂದಿಗಿ. ನಮಗ ಒಂದು ಖಾನಿನೂ ಇಲ್ಲ.

ಆಗ ನಮ್ಮವರು ಒಂದು ಉಪಾಯ ಮಾಡಿದ್ರು. ಡಬ್ಬಿ ಅದೇ, ಖಾನಿ ಅದೇ, ಒಳಗಿನ ಸಾಮಾನು ಮಾತ್ರ ಬ್ಯಾರೆ. ಇಂಗ್ಲಿಷಿನ 'ಪಿ' ಇರೋ ಖಾನಿಯಾಗ ತಲಿಕಟ್ಟು ಇಲ್ಲದ ಕ ಇಟ್ರು. ತಲಿ ಮ್ಯಾಲ ಗೆರಿ ಇರೋ ಫ್ರೆಂಚರ 'ಎ' ಖಾನಿಯಾಗ ತಲಿಕಟ್ಟು ಇಟ್ರು. ಫಾಂಟ್ ಇದ್ದ ಕಂಪ್ಯೂಟರಿನಾಗ ಕನ್ನಡ ಚೊಲೋ ಕಾಣ್ತಿತ್ತು. ಫಾಂಟ್ ಇಲ್ಲದ ಕಡಿ ಒಳಗಿನ ಬಣ್ಣ ಹೊರಗ ಬೀಳ್ತಿತ್ತು. ನುಡಿ, ಬರಹದ ಹಳೇ ಫಾಂಟಿನಾಗ 'ಕನ್ನಡ' ಅಂತ ಟೈಪ್ ಮಾಡಿದ್ದು ಬ್ಯಾರೆ ಕಡಿ ತೆರೆದ್ರ ಹಿಂಗ ಕಾಣ್ತದ: ಮೊದಲು ದೊಡ್ಡ ಪಿ, ಆಮ್ಯಾಲ ಗೆರಿ ಇರೋ ಎ, ಆಮ್ಯಾಲ ಬ್ರಿಟನ್ನಿನ ಪೌಂಡ್ ರೊಕ್ಕದ ಗುರ್ತು, ಮತ್ತ ಗೆರಿ ಇರೋ ಎ, ಜರ್ಮನರ ಒಂದು ಅಕ್ಷರ, ಸಣ್ಣ ಕ್ಯೂ, ಕಡೀಕ ಮತ್ತ ಗೆರಿ ಇರೋ ಎ. ಮೂರು ಅಕ್ಷರದ ಹೆಸರಿಗಿ ಏಳು ತುಂಡು. ಇದೇ ಮೂರನೇ ರೋಗದ ಮೊದಲನೇ ಜಾತಿ ಗಿಜಿಬಿಜಿ.

ಇಷ್ಟಾದ್ರೂ ಸಾಕಿತ್ತು. ಆದ್ರ ಆಕೃತಿಯವರ ಖಾನಿ ಜೋಡಣಿ ಒಂದು, ಶ್ರೀಲಿಪಿಯವರದು ಇನ್ನೊಂದು. ಒಬ್ಬರ ಮನಿ ಮಸಾಲಿ ಡಬ್ಬ್ಯಾಗ ಅರಿಶಿಣ ಇದ್ದಲ್ಲಿ ಇನ್ನೊಬ್ಬರ ಮನ್ಯಾಗ ಸಾಸಿವಿ. ಒಂದು ಅಂಗಡಿಯಾಗ ಟೈಪ್ ಮಾಡಿಸಿದ ಲಗ್ನಪತ್ರಿಕಿ ಇನ್ನೊಂದು ಅಂಗಡಿಯಾಗ ತೆರೀತಿರಲಿಲ್ಲ.

ಇದರ ನಡುವ ಕೆಲವರು ಪುಣ್ಯದ ಕೆಲಸ ಮಾಡಿದ್ರು. ಮಂಗಳೂರ ಹತ್ರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು 26 ಇಂಗ್ಲಿಷ್ ಕೀಲಿಯೊಳಗ ಕನ್ನಡ ಕೂಡೋ ಹಾಂಗ ಕೀಲಿಮಣಿ ಜೋಡಿಸಿದ್ರು. ಕ ಬೇಕಂದ್ರ ಕೆ ಒತ್ತು, ಒತ್ತಕ್ಷರ ಬೇಕಂದ್ರ ನಡುವ ಎಫ್ ಒತ್ತು. ಅದರ ತಂತ್ರಾಂಶಕ್ಕ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಿ 'ಸೇಡಿಯಾಪು' ಅಂತ ಹೆಸರಿಟ್ಟು ಪುಕ್ಕಟ ಹಂಚಿದ್ರು. ಇವತ್ತು ಸರ್ಕಾರಿ ಕಚೇರಿಯಾಗ ನುಡಿ ಕೀಲಿಮಣಿ ಅಂತ ಕಲಿಯೋದು ಇದೇ ಜೋಡಣಿ. 1998ರಾಗ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ಹೊರಗ ತಂದ್ರು. ದೂರ ದೇಶದಾಗ ಇರೋ ಕನ್ನಡದವರು ಮನಿಗಿ ಕಾಗದ ಬರಿಯಾಕ ಇದನ್ನೇ ಹಿಡಿದ್ರು. ಸರ್ಕಾರ ಕನ್ನಡ ಗಣಕ ಪರಿಷತ್ತಿನಿಂದ 'ನುಡಿ' ಮಾಡಿಸಿ ಹಂಚಿತು.

ಇಂಟರ್ನೆಟ್ಟಿಗಿ ಕನ್ನಡ ಹೋದ ಬಗಿ

1996ರ ಕಡೀಕ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಇಂಟರ್ನೆಟ್ಟಿನಾಗ ಬಂತು. ಕನ್ನಡದ ಮೊದಲನೇ ಅಂತರ್ಜಾಲ ಪತ್ರಿಕಿ ಅದು. ಅವಾಗ ಓದುವವರು ಮೊದಲು ಫಾಂಟ್ ಇಳಿಸ್ಕೊಂಡು, ಕಂಪ್ಯೂಟರಿನಾಗ ಕೂಡ್ಸಿ, ಆಮ್ಯಾಲ ಓದಬೇಕಾಗಿತ್ತು. ಊಟಕ್ಕ ಕರದು, ಬರುವಾಗ ತಾಟು ನೀವೇ ತರ್ರಿ ಅಂದಂಗ.

1997ರ ಹೊತ್ತಿಗಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಾಕನೇ ಆವೃತ್ತಿಯಾಗ ಒಂದು ಸೌಲಭ್ಯ ಬಂತು. ಪುಟಾನೇ ತನ್ನ ಫಾಂಟನ್ನ ಜೋಡಿ ತರ್ತದ. ಎದುರಾಳಿ ನೆಟ್‌ಸ್ಕೇಪಿಗೂ ಇಂಥಾದ್ದೇ ಒಂದು ಇತ್ತು. ಆದ್ರ ಇದರ ಫಾಂಟ್ ಅದಕ್ಕ ನಡೀತಿರಲಿಲ್ಲ, ಅದರದು ಇದಕ್ಕ ಹೊಂದ್ತಿರಲಿಲ್ಲ. ಹಿಂಗಾಗಿ ಭಾಳ ಕನ್ನಡ ಪುಟಗಳ ತೆಳಗ 'ಇದನ್ನ ಇಂಟರ್ನೆಟ್ ಎಕ್ಸ್‌ಪ್ಲೋರರಿನಾಗೇ ನೋಡ್ರಿ' ಅಂತ ಬರದಿರ್ತಿದ್ರು. ಕಾಣೋದೇನೋ ಕನ್ನಡ ಕಾಣ್ತಿತ್ತು, ಆದ್ರ ಒಳಗ ಇದ್ದದ್ದು ಅದೇ ಪಿ, ಪೌಂಡ್, ಕ್ಯೂ. 'ಹೋಳಿಗಿ' ಅಂತ ಹುಡುಕಿದ್ರ ಒಂದೂ ಸಿಗ್ತಿರಲಿಲ್ಲ. ಕಂಪ್ಯೂಟರಿನ ಲೆಕ್ಕದಾಗ ಅಲ್ಲಿ ಕನ್ನಡಾನೇ ಇರಲಿಲ್ಲ.

ಯೂನಿಕೋಡ್: ನಮಗೂ ಒಂದು ಓಣಿ

ಇದಕ್ಕ ಖಾಯಂ ಔಷಧ 1991ರಾಗೇ ಹುಟ್ಟಿತ್ತು. ಆ ವರ್ಷ ಯೂನಿಕೋಡಿನ ಮೊದಲ ಆವೃತ್ತಿ ಬಂತು. ಅದರಾಗ ಕನ್ನಡಕ್ಕ 128 ಮನಿಯ ಒಂದು ಓಣಿ ಕೊಟ್ಟಾರ. ಆ ಜೋಡಣಿಗಿ ಅಡಿಪಾಯ ನಮ್ಮ ಭಾರತದ್ದೇ ಇಸ್ಕಿ ಅನ್ನೋ ಕೋಡ್. ಹಳೇ ಫಾಂಟಿಗೂ ಇದಕ್ಕೂ ಇರೋ ದೊಡ್ಡ ಫರಕು ಏನಂದ್ರ, ಯೂನಿಕೋಡ್ ಅಕ್ಷರದ ತುಂಡು ಇಡಂಗಿಲ್ಲ, ಉಚ್ಚಾರದ ಅನುಕ್ರಮ ಇಡ್ತದ. 'ಅಕ್ಕ' ಅಂದ್ರ ಅ, ಕ, ಅರ್ಧ ಮಾಡೋ ಗುರ್ತು, ಕ. ಅಷ್ಟೇ. ಒತ್ತು ಎಲ್ಲಿ ಕೂಡಬೇಕು, ಹ್ಯಾಂಗ ಕಾಣಬೇಕು ಅನ್ನೋದನ್ನ ತೋರಿಸೋ ಯಂತ್ರ ನೋಡ್ಕೊಳ್ತದ.

ಅದರಾಗೂ ಎಡವಟ್ಟು ಆಗಿಲ್ಲ ಅಂತಲ್ಲ. ಹಳಗನ್ನಡದ ೞ ಅಕ್ಷರಕ್ಕ ಯೂನಿಕೋಡಿನವರು ಇಂಗ್ಲಿಷಿನಾಗ 'ಫ' ಅಂತ ಹೆಸರಿಟ್ಟು ಕುಂತಾರ. ತಪ್ಪು ಅಂತ ಅವರಿಗೂ ಗೊತ್ತು. ಆದ್ರ ಒಮ್ಮೆ ಇಟ್ಟ ಹೆಸರು ಬದ್ಲಿ ಮಾಡಂಗಿಲ್ಲ ಅನ್ನೋದು ಅವರ ನೇಮ. ತೊಟ್ಟಲದಾಗ ಇಟ್ಟ ಹೆಸರು ಸಾಲಿ ದಾಖಲ್ಯಾಗ ಉಳದಂಗ ಉಳೀತು. ಇನ್ನ ಜ಼, ಫ಼ ಅಂತ ತೆಳಗ ಚುಕ್ಕಿ ಇಡೋ ಗುರ್ತು 2003ರ ನಾಕನೇ ಆವೃತ್ತಿಯಾಗ ಬಂತು. ನಮ್ಮ ಕಡಿ ದಖನಿ ಮಾತು ಬೆರತ ಬಾಯಿಗಿ ಆ ಚುಕ್ಕಿಯ ಕಿಮ್ಮತ್ತು ಗೊತ್ತಾಗ್ತದ.

1992ರಾಗ ಅಮೇರಿಕಾದ ನ್ಯೂಜೆರ್ಸಿಯ ಒಂದು ಖಾನಾವಳ್ಯಾಗ ಕೆನ್ ಥಾಂಪ್ಸನ್, ರಾಬ್ ಪೈಕ್ ಅನ್ನೋ ಇಬ್ಬರು ಊಟಕ್ಕ ಕುಂತಾಗ ತಾಟಿನ ತೆಳಗ ಹಾಸೋ ಕಾಗದದ ಮ್ಯಾಲ ಯುಟಿಎಫ್-8 ಅನ್ನೋ ಪದ್ಧತಿಯ ಲೆಕ್ಕ ಬರದ್ರು. ಯೂನಿಕೋಡ್ ಅಕ್ಷರವನ್ನ ಕಂಪ್ಯೂಟರಿನಾಗ ಕಟ್ಟಿ ಇಡೋ ಬಗಿ ಅದು. ಈ ಪದ್ಧತಿಯಾಗ ಕನ್ನಡದ ಒಂದೊಂದು ಅಕ್ಷರ ಮೂರು ಮೂರು ಗಂಟು. ಬ್ರೌಸರಿಗಿ 'ಇದು ಯುಟಿಎಫ್-8' ಅಂತ ಯಾರೂ ಹೇಳದಿದ್ರ ಅದು ಮೂರೂ ಗಂಟು ಬಿಚ್ಚಿ ಮೂರು ಯೂರೋಪಿನ ಅಕ್ಷರ ಮಾಡಿ ತೋರಿಸ್ತದ. ಮೂರನೇ ರೋಗದ ಎರಡನೇ ಜಾತಿ ಇದು. ಗುರ್ತು ಹಿಡಿಯೋದು ಸರಳ ಅದ. ಸಣ್ಣ 'ಎ' ಮ್ಯಾಲ ಗೆರಿ, ಅದರ ಬಾಜೂಕ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲಿನ ತುಂಬ ತಿರುತಿರುಗಿ ಬಂದಿದ್ರ, ಒಳಗ ಕನ್ನಡ ಆರಾಮ ಅದ, ಓದೋ ಬಗಿ ತಪ್ಪ್ಯಾದ ಅಷ್ಟೇ ಅಂತ ತಿಳೀರಿ. ಸೇಡಂ ವೈನಿಯವರ ತಕರಾರು ಇದೇ ಜಾತಿದು. ಪುಟ ಇಟ್ಟ ಬಾಡಿಗಿ ಕಂಪ್ಯೂಟರಿನವರು ಬ್ರೌಸರಿಗಿ ಬ್ಯಾರೆ ಪದ್ಧತಿಯ ಹೆಸರು ಹೇಳಿ ಕಳಸ್ತಿದ್ರು. ಅದನ್ನ ಬದ್ಲಿ ಮಾಡಿಸಿದ ಕೂಡ್ಲೇ ಇಡೀ ಪುಟ ಕನ್ನಡ ಆಯ್ತು.

ಡಬ್ಬಿ, ಗಾಲಿ, ಮತ್ತ 'ಹರ್ಫ್ ಬಾಜ್'

ಯೂನಿಕೋಡ್ 1991ರಾಗ ಬಂದ್ರೂ ನಮ್ಮ ಕಣ್ಣಿಗಿ ಕಾಣಾಕ ಹತ್ತು ವರ್ಷ ಹಿಡೀತು. 2001ರ ವಿಂಡೋಸ್ ಎಕ್ಸ್‌ಪಿಯಾಗ ಕನ್ನಡದ ಫಾಂಟ್ ಬಂತು. ಅದರ ಹೆಸರು 'ತುಂಗಾ', ನಮ್ಮ ನದಿಯ ಹೆಸರೇ. ಆದ್ರೂ ಅದು ತಾನಾಗೇ ಚಾಲೂ ಇರ್ತಿರಲಿಲ್ಲ. ಒಳಗ ಹೋಗಿ, ಒಂದು ಕಡಿ ಟಿಕ್ ಹಾಕಿ, ವಿಂಡೋಸ್ ಸಿಡಿ ಕೂಡ್ಸಿದ್ರ ಮಾತ್ರ ಒತ್ತಕ್ಷರ ತನ್ನ ಜಾಗಕ್ಕ ಬರ್ತಿತ್ತು. ಭಾಳ ಮಂದಿ 'ಕನ್ನಡ ಕಂಪ್ಯೂಟರಿನಾಗ ಬರಂಗಿಲ್ಲ' ಅಂತ ಅಲ್ಲೇ ಕೈ ಬಿಟ್ರು. ಪುಕ್ಕಟ ಸಿಗೋ ಲಿನಕ್ಸಿನಾಗ ಕೇದಗೆ, ಮಲ್ಲಿಗೆ ಅಂತ ಹೂವಿನ ಹೆಸರಿನ ಫಾಂಟ್ ಬಂದ್ವು, ಮುಂದ ಲೋಹಿತ್ ಬಂತು. ಕನ್ನಡ ವಿಕಿಪೀಡಿಯ 2003ರಾಗ ಯೂನಿಕೋಡಿನಾಗೇ ಶುರು ಆಯ್ತು. ಫೈರ್‌ಫಾಕ್ಸ್ ಬ್ರೌಸರಿನ ಹಳೇ ಆವೃತ್ತಿಗಳಾಗ ಎಡ-ಬಲ ಎರಡೂ ಅಂಚು ಸಮ ಮಾಡಿದ ಪುಟ ತೆರೆದ್ರ ಭಾರತದ ಲಿಪಿ ಎಲ್ಲಾ ಚೆಲ್ಲಾಪಿಲ್ಲಿ ಆಗ್ತಿದ್ವು. 2008ರ ಮೂರನೇ ಆವೃತ್ತಿ ಬಂದ ಮ್ಯಾಲ ಅದು ನಿಂತಿತು.

ಫೋನಿನ ಕಥಿ ಇನ್ನೂ ಮಜಾ. ಗುಂಡಿ ಇರೋ ಸಣ್ಣ ಫೋನಿನಾಗ ಒಪೇರಾ ಮಿನಿ ಅನ್ನೋ ಬ್ರೌಸರ್ ಇತ್ತು. ಅದರ ಒಳಗ ಹೋಗಿ ಒಂದು ಗುಟ್ಟಿನ ಸೆಟ್ಟಿಂಗ್ ಬದ್ಲಿ ಮಾಡಿದ್ರ, ಅದು ಕನ್ನಡ ಅಕ್ಷರಗಳನ್ನ ದೂರದ ಕಂಪ್ಯೂಟರಿನಾಗೇ ಚಿತ್ರ ಮಾಡಿ ಕಳಸ್ತಿತ್ತು. ಕಾಲೇಜು ಹುಡುಗರು ಒಬ್ಬರಿಗೊಬ್ಬರು ಈ ಗುಟ್ಟು ಕಲಿಸಿ ಕನ್ನಡ ಓದಿದ್ರು. 2012ರ ಆಂಡ್ರಾಯ್ಡ್ 4.1ರಿಂದ ಫೋನಿಗೇ ಕನ್ನಡ ಬಂತು. ಅದಕ್ಕಿಂತ ಹಳೇದು ಇದ್ರ ಡಬ್ಬಿ ಕಾಣೋದೇ ಹೆಚ್ಚು.

ಈ ಖಾಲಿ ಡಬ್ಬಿಗಿ ಇಂಗ್ಲಿಷಿನವರು 'ತೋಫು' ಅಂತಾರ, ಸೋಯಾ ಹಾಲಿನಿಂದ ಮಾಡೋ ಪನೀರಿನ ತುಂಡು ಇದ್ದಂಗ ಕಾಣ್ತದ ಅಂತ. ಗೂಗಲಿನವರು ಲೋಕದ ಎಲ್ಲಾ ಲಿಪಿಗೂ ಫಾಂಟ್ ಮಾಡಾಕ ಹೊಂಟು ಅದಕ್ಕ 'ನೋಟೋ' ಅಂತ ಹೆಸರಿಟ್ರು, ಅಂದ್ರ 'ತೋಫು ಬ್ಯಾಡ'. ಶಹಾಬಾದ ಅಕ್ಕನ ಫೋನಿಗಿ ನಾ ಕೊಟ್ಟ ಔಷಧ ಇದೇ. ಪುಟದ ಜೋಡಿನೇ ನೋಟೋ ಕನ್ನಡ ಫಾಂಟ್ ಹೋಗೋ ಹಾಂಗ ಮಾಡಿದೆ. 1997ರ ಉಪಾಯಾನೇ ಇದು, ಆದ್ರ 2012ರಿಂದ ಎಲ್ಲಾ ಬ್ರೌಸರಿನವರೂ ಒಂದೇ ನಮೂನಿ ಫಾಂಟಿಗಿ ಒಪ್ಪ್ಯಾರ. ಒಳಗ ಇರೋದೂ ಖರೇ ಕನ್ನಡ. ಡಬ್ಬಿ ಹೋಯ್ತು. ಆದ್ರ ಒತ್ತು ಮಾತ್ರ ಬಾಜೂಕ ಬಿದ್ದಿತ್ತು. ಯಾಕಂದ್ರ ಫಾಂಟ್ ಅಂದ್ರ ಬರೇ ಕಾಳು-ಕಡಿ, ಕೂಡಿಸೋ ಕೈ ಬ್ಯಾರೇನೇ ಬೇಕು. ಆ ಕೈ ತನ್ನ ಜೋಡಿನೇ ತರೋ ಬ್ಯಾರೆ ಬ್ರೌಸರ್ ಹಾಕಿಸಿದೆ, ಒತ್ತು ತೆಳಗ ಹೋಗಿ ಕೂತಿತು.

ಆ ಕೂಡಿಸೋ ಕೈಯ ಹೆಸರು ಕೇಳಿದ್ರ ನಮ್ಮ ಕಡಿ ಮಂದಿಗಿ ನಗು ಬರ್ತದ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲಾ ಬಳಸೋ ಆ ಯಂತ್ರಕ್ಕ 'ಹಾರ್ಫ್‌ಬಜ್' ಅಂತಾರ. ಇರಾನಿನಾಗ ಹುಟ್ಟಿದ ಬೆಹದಾದ್ ಎಸ್ಫಹಬೋದ್ ಅದನ್ನ ಬೆಳೆಸಿದವರು. ಪಾರಸಿಯಾಗ ಹರ್ಫ್ ಅಂದ್ರ ಅಕ್ಷರ, ಬಾಜ್ ಅಂದ್ರ ತೆರೆದದ್ದು. ನಮ್ಮ ಅಜ್ಜಂದಿರು ಉರ್ದು ಸಾಲ್ಯಾಗ ಕಲ್ತ ಹರ್ಫ್ ಅದೇ. ಉರ್ದುವಿನ ಅಕ್ಷರ ಒಂದಕ್ಕೊಂದು ಕೈ ಹಿಡಕೊಂಡು ನಡೀತಾವ, ನಮ್ಮವು ಒಂದರ ತೆಳಗ ಒಂದು ಕುಂಡ್ರತಾವ. ಕಲಬುರಗಿಯ ಅಂಗಡಿ ಬೋರ್ಡಿನ ಮ್ಯಾಲ ಎರಡೂ ಲಿಪಿ ಅಕ್ಕಪಕ್ಕ ಇರ್ತಾವಲ್ಲ, ಇವತ್ತು ಫೋನಿನ ಒಳಗ ಆ ಎರಡನ್ನೂ ಕೂಡಿಸೋದು ಒಂದೇ ಯಂತ್ರ.

ಚಿಂಚೋಳಿ ಚಿಗವ್ವನ ಚುಕ್ಕಿ ಗಾಲಿಗಿ ಕಾರಣ ಬ್ಯಾರೆ. ಕೊಂಬು, ದೀರ್ಘ, ಒತ್ತು ಇವು ಒಂಟಿಯಾಗಿ ನಿಲ್ಲಂಗಿಲ್ಲ, ಮುಂದ ವ್ಯಂಜನ ಬೇಕೇ ಬೇಕು. ವ್ಯಂಜನ ಕಳದು ಹೋಗಿದ್ರ, ಇಲ್ಲಾ ನಡುವ ಒಂದು ಖಾಲಿ ಜಾಗ ನುಸುಳಿದ್ರ, ಯಂತ್ರ 'ಇಲ್ಲಿ ಒಬ್ಬರು ಇರಬೇಕಿತ್ತು' ಅಂತ ಚುಕ್ಕಿ ಗಾಲಿ ಇಟ್ಟು ತೋರಿಸ್ತದ. ಹಳೇ ಫಾಂಟಿನಿಂದ ಯೂನಿಕೋಡಿಗಿ ಬದ್ಲಿ ಮಾಡೋ ತಂತ್ರಾಂಶ ಕೆಲವು ಕಡಿ ಹಿಂಗ ಖಾಲಿ ಜಾಗ ಬಿಟ್ಟಿತ್ತು. ಒಂದೊಂದೇ ಹುಡುಕಿ ಅಳಿಸಿದೆ. ಆ ದಿನದ ಅರ್ಧ ಹೊತ್ತು ಇದಕ್ಕೇ ಹೋಯ್ತು.

ಒತ್ತಿನ ಕಾಲು

ನಾಕನೇ ರೋಗ ಎಲ್ಲಕ್ಕಿಂತ ಸಣ್ಣದು, ಆದ್ರ ಅದರಾಗ ಒಂದು ದೊಡ್ಡ ಮಾತು ಅದ. ಬ್ರೌಸರಿನ ಸಾಲಿನ ಎತ್ತರ ಇಂಗ್ಲಿಷಿನ ಅಳತಿಗಿ ಮಾಡಿದ್ದು. ಇಂಗ್ಲಿಷಿನಾಗ ತೆಳಗ ಇಳಿಯೋದು ಜಿ, ವೈ ಇಂಥಾ ನಾಕೈದು ಬಾಲ ಮಾತ್ರ. ನಮ್ಮದು ಹಂಗಲ್ಲ. ಮ್ಯಾಲ ಗುಡಿಸು, ತೆಳಗ ಒತ್ತು, 'ಶಾಸ್ತ್ರಿ' ಅನ್ನೋದರಾಗ ಒತ್ತಿಗೊಂದು ಒತ್ತು. ತಲೆಬರಹದ ಡಬ್ಬಿ ಗಿಡ್ಡ ಇದ್ರ ಕಾಲು ಕಡೀತದ. ದೊಡ್ಡ ಕಾಲಿನ ಮನಷ್ಯಾಗ ಗಿಡ್ಡ ಮಂಚ ಹಾಕಿದಂಗ. ಆಯಿಯ ಸಲುವಾಗಿ ಸಾಲಿನ ಎತ್ತರ ಅಕ್ಷರದ 1.8 ಪಟ್ಟು ಮಾಡಿದೆ, ಡಬ್ಬಿಯ ಎತ್ತರದ ಮಿತಿ ತಗದೆ. ಎಲ್ಲಾ ಕಾಲೂ ಬಂದ್ವು. ಸೇರಾಂಪುರದಾಗ ಮೊಳಿ ಕೆತ್ತಿದವರು, ಟೈಪ್ ಮಷಿನ್ ಮಾಡಿದವರು, ಎಲ್ಲರೂ ಎದುರಿಸಿದ್ದು ಇದೇ ಪ್ರಶ್ನಿ. ಬ್ಯಾರೆಯವರ ಅಕ್ಷರಕ್ಕ ಮಾಡಿದ ಡಬ್ಬಿಯಾಗ ನಮ್ಮ ಅಕ್ಷರ ಹ್ಯಾಂಗ ಹಿಡಸಬೇಕು?

ನಮ್ಮ ಮಾತಿಗಿ ಪೆಟ್ಟು ಹೆಚ್ಚು ಯಾಕ

ಈಗ ನಿಮಗ ಒಂದು ಮಾತು ಹೇಳ್ತೀನಿ ನೋಡ್ರಿ. ಅಕ್ಷರ ಒಡದಾಗ ಪುಸ್ತಕದ ಕನ್ನಡಕ್ಕಿಂತ ನಮ್ಮ ಮನಿ ಮಾತಿಗಿ ಪೆಟ್ಟು ಹೆಚ್ಚು. ಪುಸ್ತಕದಾಗ 'ಹೇಗೆ', ನಮ್ಮದು 'ಹ್ಯಾಂಗ'. ಅವರು 'ಬೇಡ', ನಾವು 'ಬ್ಯಾಡ'. ಅವರು 'ಮೇಲೆ', ನಾವು 'ಮ್ಯಾಲ'. ಅವರು 'ತೋಟ' ಅಂದ್ರ ನಮ್ಮ ಬಾಯಾಗ 'ತ್ವಾಟ'. ಅವರ ಏ, ಓ ಇದ್ದ ಭಾಳ ಕಡಿ ನಮಗ ಒಂದು ಒತ್ತು ಬರ್ತದ.  ಒತ್ತು ಕೂಡದ ಯಂತ್ರದಾಗ ನಮ್ಮ ಮಾತು ಓದಾಕೇ ಬರ್ತಿರಲಿಲ್ಲ. ಟೈಪ್ ಮಾಡೋರಿಗೂ ಬ್ಯಾಸರ. ಹಿಂಗಾಗಿ ಅಂಗಡಿಯವರು 'ಹೇಗೆ' ಅಂತ ಹೊಡದು ಕೊಡ್ತೀನಿ ಅಂತಿದ್ರು, ನಾವು ಹೂಂ ಅಂತಿದ್ವಿ. ಮೊದಲು ಉರ್ದುವಿನ ಕಾಲದಾಗ ಕಾಗದಕ್ಕ ಬರದ ಮಾತು, ಆಮ್ಯಾಲ ಯಂತ್ರದ ಕಾಲದಾಗ ಪರದೆಗೂ ಬರದೆ ಹೋಗೋದಿತ್ತು.

ಅರ್ಧ ಅಕ್ಷರದ್ದು ಇನ್ನೊಂದು ತ್ರಾಸ. 'ರಾಜ್‌ಕುಮಾರ' ಅಂತ ಬರಿಯುವಾಗ ಜ್ ಮತ್ತ ಕ ನಡುವ ಕಣ್ಣಿಗಿ ಕಾಣದ ಒಂದು ಅಕ್ಷರ ಇಡಬೇಕು, ಇಲ್ಲಾಂದ್ರ ಕ ಹೋಗಿ ಜ ತೆಳಗ ಒತ್ತಾಗಿ ಕುಂಡ್ರತದ. 'ರ‍್ಯಾಂಕ್' ಬರಿಯಾಕ ಇನ್ನೊಂದು ಕಾಣದ ಅಕ್ಷರ ಬೇಕು, ಇಲ್ಲಾಂದ್ರ 'ಕಾರ್ಯ'ದಾಗ ಇದ್ದಂಗ ರ ಹಿಂದ ಹೋಗಿ ಅರ್ಕಾವತ್ತು ಆಗ್ತದ. ಹೊಲಿಗಿಯ ಒಳ ದಾರ ಇದ್ದಂಗ ಇವು, ಕಾಣಂಗಿಲ್ಲ, ಆದ್ರ ತಗದ್ರ ಬಟ್ಟಿ ಬಿಚ್ಚತದ. ಒಂದು ಕಡಿಯಿಂದ ಇನ್ನೊಂದು ಕಡಿ ನಕಲು ಮಾಡುವಾಗ ಇವು ಕಳದು ಹೋಗೋದು ಭಾಳ. ಹೆಸರು ಹುಡುಕಿದ್ರ ಸಿಗವಲ್ಲದು ಅಂದ್ರ ಇದನ್ನ ಮೊದಲು ನೋಡ್ರಿ.

ಕಪಾಟಿನಾಗಿನ ಸಿಡಿ

ಈಗ ಖರೇ ಕೆಲಸದ ಮಾತು. ಎಲ್ಲರ ಮನ್ಯಾಗೂ ಇಪ್ಪತ್ತು ವರ್ಷದ ಹಿಂದಿನ ಒಂದು ಸಿಡಿ, ಪೆನ್ ಡ್ರೈವ್ ಇರ್ತದ. ಅದರಾಗ ಮನಿತನದ ವಂಶಾವಳಿ, ಅವ್ವನ ಹಾಡು, ಭಜನಿ ಪುಸ್ತಕ, ಲಗ್ನದಾಗ ಕೊಟ್ಟು ತೊಗೊಂಡ ಲೆಕ್ಕ. ತೆರೆದ್ರ ಪೌಂಡ್, ಕ್ಯೂ ಕಾಣ್ತಾವ. 'ಕೆಟ್ಟ್ಯಾದ' ಅಂತ ಒಗೀಬ್ಯಾಡ್ರಿ. ಅದು ಕೆಟ್ಟಿಲ್ಲ, ಅದರ ಡಬ್ಬಿಯ ಖಾನಿ ಜೋಡಣಿ ಬ್ಯಾರೆ ಅದ, ಅಷ್ಟೇ. ಯಾವ ಅಂಗಡಿಯಾಗ, ಯಾವ ವರ್ಷ ಟೈಪ್ ಮಾಡಿಸಿದ್ದು ಅಂತ ನೆನಪು ಮಾಡ್ರಿ, ಯಾವ ಫಾಂಟ್ ಅಂತ ಗೊತ್ತಾಗ್ತದ. ಫೈಲಿನಾಗ ಫಾಂಟಿನ ಹೆಸರು ಬರದಿರ್ತದ, ಅದನ್ನೂ ನೋಡ್ರಿ. ನುಡಿ, ಬರಹದ ಫಾಂಟಿನದು ಇದ್ರ ಯೂನಿಕೋಡಿಗಿ ಬದ್ಲಿ ಮಾಡೋ ತಂತ್ರಾಂಶ ಪುಕ್ಕಟ ಸಿಗ್ತಾವ. ಗುಬ್ಬಿ, ನವಿಲು ಅಂತ ಚಂದ ಫಾಂಟ್ ಮಾಡಿದ ಅರವಿಂದ ವಿ.ಕೆ. ಅವರೂ ಅಂಥಾದ್ದೊಂದು ಮಾಡಿ ಎಲ್ಲರಿಗೂ ಬಿಟ್ಟಾರ.

ಬದ್ಲಿ ಮಾಡಿದ ಮ್ಯಾಲ ಮೂರು ಕಡಿ ಕಣ್ಣು ಇಡ್ರಿ. ಅರ್ಕಾವತ್ತು ತನ್ನ ಜಾಗಾದಾಗ ಅದಾ? ಒತ್ತಿನ ಮುಂದ ಖಾಲಿ ಜಾಗ ನುಸುಳ್ಯಾದಾ? ಅಂಕಿ ಅಂಕಿಯಾಗೇ ಉಳದಾವಾ? ಹಳೇ ಫೈಲ್ ಅಳಿಸಬ್ಯಾಡ್ರಿ, ಎರಡೂ ಇಡ್ರಿ. ಮತ್ತ ಸಾಧ್ಯ ಇದ್ರ ಆ ಹಾಡು ಹೇಳಿದವರನ್ನೋ, ಕೇಳಿದವರನ್ನೋ ಬಾಜೂಕ ಕುಂಡ್ರಿಸ್ಕೊಂಡು ಒಮ್ಮೆ ಓದಿ ಹೇಳ್ರಿ. 'ಹೇಗೆ' ಅಂತ ಅಂಗಡಿಯವರು ಹೊಡದಲ್ಲಿ ಅವರು 'ಹ್ಯಾಂಗ' ಅಂತಾರ. ಈಗ ಅದನ್ನ ಬರಿಯಾಕ ಯಾವ ಯಂತ್ರಾನೂ ಅಡ್ಡ ಬರಂಗಿಲ್ಲ. ಹಂಗೇ ಬರೀರಿ.